ಪಶ್ಚಿಮಕ್ಕೆ ಮುಖ ಮಾಡಿದ ಹಿತ್ತಲ ಕಟ್ಟೆಯನ್ನು ಕೂರಲು ಹಿತವಾಗುವಂತೆ ಮಾಡುವುದು ಹೇಗೆ?

ಎರೆಹೊಲ, ಸಿಂಧನೂರು:

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ನಾವು ಸಿಂಧನೂರಿನ ಹೊರವಲಯದಲ್ಲಿ ಕಟ್ಟಿದ ಮನೆಯೊಂದನ್ನು ಕೊಂಡೆವು. ಮನೆಯ ಹಿಂಬದಿಯಲ್ಲಿ, ಅಡುಗೆಮನೆಯ ಬಾಗಿಲಿಗೆ ಹೊಂದಿಕೊಂಡಂತೆ, 18 ಅಡಿ ಉದ್ದ, 12 ಅಡಿ ಅಗಲ, ಎರಡು ಅಡಿ ಎತ್ತರದ ಒಂದು ಕಟ್ಟೆಯಿದೆ. ಹಿಂದಿನ ಮಾಲೀಕರು ಅದಕ್ಕೆ ಕರಿಯ ಕಡಪ ಕಲ್ಲು ಹಾಸಿಸಿ, ಕಬ್ಬಿಣದ ಕಂಬಗಳ ಮೇಲೆ ಒಂಬತ್ತು ಅಡಿ ಎತ್ತರಕ್ಕೆ ತಗಡಿನ ಚಾವಣಿ ಹೊದಿಸಿದ್ದಾರೆ. ಕಟ್ಟೆಯ ಮುಖ ಪಶ್ಚಿಮಕ್ಕಿದೆ. ಮುಂದೆ ಸುಮಾರು 25 ಅಡಿಯಷ್ಟು ಖಾಲಿ ಹಿತ್ತಲು, ಆಮೇಲೆ ಕಾಂಪೌಂಡ್ ಗೋಡೆ, ಗೋಡೆಯ ಆಚೆಗೆ ಭತ್ತದ ಗದ್ದೆಗಳು.

ಜಾಗ ಇಷ್ಟು ಅನುಕೂಲವಾಗಿದ್ದರೂ ಅಲ್ಲಿ ಯಾರೂ ಕೂರುವುದಿಲ್ಲ. ಬೇಸಿಗೆಯಲ್ಲಿ ಸಂಜೆ ಏಳು ಗಂಟೆಯಾದರೂ ಕಲ್ಲಿನ ಕಾವು ಇಳಿದಿರುವುದಿಲ್ಲ. ಕತ್ತಲಾಗಿ ದೀಪ ಹಾಕಿದರೆ ಹುಳುಗಳು ಮುತ್ತುತ್ತವೆ. ನಮ್ಮ ತಾಯಿಯವರಿಗೆ ಎಪ್ಪತ್ತು ದಾಟಿದೆ, ಅವರಿಗೆ ಸಂಜೆಯ ಹೊತ್ತು ಹೊರಗೆ ಕೂತು ಬಂದವರೊಡನೆ ನಾಲ್ಕು ಮಾತನಾಡುವ ಅಭ್ಯಾಸ. ಈಗ ಬೇರೆ ದಾರಿಯಿಲ್ಲದೆ ಮುಂಬಾಗಿಲ ಮೆಟ್ಟಿಲ ಮೇಲೆ ಕೂರುತ್ತಾರೆ. ಯುಗಾದಿಯ ಒಳಗೆ ಈ ಕಟ್ಟೆಯನ್ನು ಕೂರಲು ಹಿತವಾಗುವಂತೆ, ಬಂದವರಿಗೆ ಕೂರಬೇಕೆನಿಸುವಂತೆ ಮಾಡಬೇಕೆಂದಿದ್ದೇವೆ. ಸುಮಾರು ಅರವತ್ತು ಸಾವಿರ ರೂಪಾಯಿಯವರೆಗೆ ಖರ್ಚು ಮಾಡಬಹುದು. ಮೊದಲು ಯಾವುದಕ್ಕೆ ಹಣ ಹಾಕಬೇಕು? ಒಳ್ಳೆಯ ಬೆತ್ತದ ಸೋಫಾ ಒಂದನ್ನು ತಂದಿಟ್ಟರೆ ಸಾಕು ಎನ್ನುವುದು ಮನೆಯವರ ಅಭಿಪ್ರಾಯ.

ತೊಲೆಕಂಬ, ಬಳ್ಳಾರಿ:

ಸೋಫಾದ ಮಾತನ್ನು ದಯವಿಟ್ಟು ಕೊನೆಗೆ ಇಟ್ಟುಕೊಳ್ಳಿ. ನಿಮ್ಮ ಕಟ್ಟೆಗೆ ಶಾಖ ಮೂರು ದಿಕ್ಕಿನಿಂದ ಬರುತ್ತಿದೆ: ಎದುರಿನಿಂದ ನೇರ ಬಿಸಿಲು, ಮೇಲಿನಿಂದ ಕಾದ ತಗಡು, ಕೆಳಗಿನಿಂದ ದಿನವಿಡೀ ಕಾವು ಹೀರಿದ ಕರಿಕಲ್ಲು. ಇವು ಮೂರೂ ಹಾಗೆಯೇ ಇರುವಾಗ ಎಷ್ಟೇ ಮೆತ್ತನೆಯ ಆಸನ ತಂದಿಟ್ಟರೂ ಅದರ ಮೇಲೆ ಕೂರುವುದು ಬೆಕ್ಕು ಮಾತ್ರ, ಅದೂ ಚಳಿಗಾಲದಲ್ಲಿ.

ಮೊದಲು ಬಿಸಿಲಿನ ಲೆಕ್ಕವನ್ನು ನೋಡೋಣ. ಮೇ ತಿಂಗಳ ಮೊದಲ ವಾರದಲ್ಲಿ ಸಿಂಧನೂರಿನಲ್ಲಿ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುತ್ತಾನೆ, ಆದ್ದರಿಂದ ಆ ಹೊತ್ತಿಗೆ ನಿಮ್ಮ ತಗಡಿನ ನೆರಳು ಪೂರ್ತಿಯಾಗಿ ಕಟ್ಟೆಯ ಮೇಲೆ ಬೀಳುತ್ತದೆ. ತೊಂದರೆ ಶುರುವಾಗುವುದು ಮೂರು ಗಂಟೆಯ ನಂತರ. ಸಂಜೆ ಐದಕ್ಕೆ ಸೂರ್ಯ ದಿಗಂತದಿಂದ ಸುಮಾರು 23 ಡಿಗ್ರಿ ಎತ್ತರಕ್ಕೆ ಇಳಿದಿರುತ್ತಾನೆ, ಆಗ ಒಂಬತ್ತು ಅಡಿ ಎತ್ತರದ ಚಾವಣಿಯ ಅಂಚಿನ ಕೆಳಗಿನಿಂದ ಬಿಸಿಲು 20 ಅಡಿಯವರೆಗೂ ಒಳಗೆ ಚಾಚುತ್ತದೆ. ನಿಮ್ಮ ಕಟ್ಟೆಯ ಅಗಲವೇ 12 ಅಡಿ. ಅಂದರೆ ಕಲ್ಲಿನ ಜೊತೆಗೆ ಮನೆಯ ಹಿಂಗೋಡೆಯೂ ಬಿಸಿಲಿಗೆ ಕಾಯುತ್ತಿರುತ್ತದೆ. ಚಾವಣಿಯನ್ನು ಮುಂದಕ್ಕೆ ಮೂರು ನಾಲ್ಕು ಅಡಿ ಚಾಚಿಸಿದರೂ ಇದು ನಿಲ್ಲುವುದಿಲ್ಲ. ಪಶ್ಚಿಮದ ಬಿಸಿಲಿಗೆ ಅಡ್ಡವಾಗಿ ನಿಲ್ಲುವ ಮರೆಯೇ ಬೇಕು. ಇನ್ನೊಂದು ವಿಷಯವೆಂದರೆ, ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದು ನೇರ ಪಶ್ಚಿಮದಲ್ಲಲ್ಲ, ಅಲ್ಲಿಂದ 24 ಡಿಗ್ರಿಯಷ್ಟು ಉತ್ತರಕ್ಕೆ ಸರಿದು; ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೆ. ಆದ್ದರಿಂದ ಮರೆಯನ್ನು ಮುಂಭಾಗಕ್ಕಷ್ಟೇ ಕಟ್ಟದೆ, ಉತ್ತರದ ಬದಿಗೂ ನಾಲ್ಕೈದು ಅಡಿ ತಿರುಗಿಸಿ ಕಟ್ಟಿಸಿ.

ಮರೆಗೆ ಬಿದಿರಿನ ತಟ್ಟಿಗಿಂತ ಸೂಕ್ತವಾದುದು ನಮ್ಮ ಕಡೆ ಇನ್ನೊಂದಿಲ್ಲ. ಮೇದಾರರಲ್ಲಿ ಅಳತೆ ಕೊಟ್ಟು, ಸುರುಳಿ ಸುತ್ತಿ ಮೇಲಕ್ಕೆ ಎತ್ತಲು ಬರುವಂತೆ ಹೇಳಿ ಹೆಣೆಸಿ. ಆರು ಅಡಿಯ ಮೂರು ತಟ್ಟಿಗಳಾದರೆ ಬೇಕಾದುದನ್ನಷ್ಟೇ ಇಳಿಸಬಹುದು. ಹಣ ಉಳಿಸಬೇಕೆಂದರೆ ಕೃಷಿ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುವ, 75 ಶೇಕಡಾ ನೆರಳು ಕೊಡುವ ಶೇಡ್ ನೆಟ್ ತರಬಹುದು. ಆದರೆ ಕಡುಹಸಿರಿನದು ಬೇಡ, ಅದರ ಕೆಳಗೆ ಕೂತವರ ಮುಖವೆಲ್ಲ ಕಾಮಾಲೆಯಾದಂತೆ ಕಾಣುತ್ತದೆ.

ತಗಡಿಗೆ ಎರಡು ಕೆಲಸ ಮಾಡಿಸಿ. ಮೇಲ್ಮೈಗೆ ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಬಣ್ಣ ಬಳಿಸಿ. ಒಳಗೆ, ತಗಡಿನಿಂದ ಆರರಿಂದ ಎಂಟು ಅಂಗುಲ ಕೆಳಗೆ, ತೆಳುವಾದ ತಟ್ಟಿ ಅಥವಾ ಚಾಪೆಯ ಒಳಚಾವಣಿ ಕಟ್ಟಿಸಿ, ಎರಡೂ ತುದಿಗಳಲ್ಲಿ ಗಾಳಿ ಹಾಯಲು ಬಿಡಿ. ಕಾದ ತಗಡು ತಲೆಯ ಮೇಲೆ ಕಾವು ಸುರಿಸುವುದನ್ನು ತಟ್ಟಿ ತಡೆಯುತ್ತದೆ, ನಡುವಿನ ಬಿಸಿಗಾಳಿ ಬದಿಯಿಂದ ಹೊರಗೆ ಹೋಗುತ್ತದೆ. ಈ ಎರಡು ಕೆಲಸಗಳಾದ ಮೇಲೆ ಕಲ್ಲಿನ ಕಾವು ತಾನಾಗಿಯೇ ಕಡಿಮೆಯಾಗುವುದರಿಂದ ಕಲ್ಲಿನ ವಿಚಾರಕ್ಕೆ ಈಗಲೇ ಕೈ ಹಾಕಬೇಡಿ.

ಹಂದರ, ಗಂಗಾವತಿ:

ತೊಲೆಕಂಬ ಅವರ ಬಿಸಿಲಿನ ಲೆಕ್ಕ ಸರಿಯಾಗಿದೆ, ಆದರೆ ಪರಿಹಾರದಲ್ಲಿ ಅವರು ಗಾಳಿಯನ್ನು ಮರೆತಂತಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಸೀಮೆಗೆ ಗಾಳಿ ಬರುವುದೇ ಪಶ್ಚಿಮದಿಂದ. ಆ ದಿನಗಳಲ್ಲಿ ಇಡೀ ಮುಂಭಾಗಕ್ಕೆ ತಟ್ಟಿ ಇಳಿಬಿಟ್ಟರೆ ಒಳಗೆ ಉಸಿರು ಕಟ್ಟುತ್ತದೆ. ಅದಕ್ಕಿಂತ ಹೆಚ್ಚಾಗಿ, ಗಾಳಿಯ ಹೊಡೆತಕ್ಕೆ ತಟ್ಟಿಯೇ ಕಿತ್ತು ಹೋಗುತ್ತದೆ. ಕೊಪ್ಪಳ, ಗದಗಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆಯಲ್ಲ. ತಟ್ಟಿ ಇರಲಿ, ಆದರೆ ಮೇಲಿನ ಐದು ಅಡಿಗೆ ಮಾತ್ರ ಇಳಿಯುವಂತಿರಲಿ, ಕೆಳಗೆ ಗಾಳಿಗೆ ದಾರಿ ಬಿಡಿ. ಕೆಳತುದಿಗೆ ಒಂದು ಕಬ್ಬಿಣದ ಸಲಾಕೆ ಪೋಣಿಸಿ ಎರಡೂ ಕಂಬಗಳ ಕೊಂಡಿಗೆ ಕಟ್ಟಿದರೆ ಬಡಿದಾಡುವುದಿಲ್ಲ.

ಕೆಳಗಿನ ಭಾಗದ ಬಿಸಿಲಿಗೆ ಬಳ್ಳಿಯ ಹಂದರವೇ ಮದ್ದು. ಕಟ್ಟೆಯ ಅಂಚಿಗಲ್ಲ, ಅಲ್ಲಿಂದ ಐದಾರು ಅಡಿ ಮುಂದೆ, ನಾಲ್ಕು ಕಂಬ ನೆಟ್ಟು, ತಂತಿ ಎಳೆದು ಬಳ್ಳಿ ಹಬ್ಬಿಸಿ. ಈಗಲೇ ಹೀರೆ, ತೊಂಡೆ ಹಾಕಿದರೆ ಏಪ್ರಿಲ್ ಹೊತ್ತಿಗೆ ತಕ್ಕಮಟ್ಟಿನ ಎಲೆಮರೆ ಸಿಗುತ್ತದೆ, ಮನೆಗೆ ಕಾಯಿಪಲ್ಲೆಯೂ ಆಗುತ್ತದೆ. ಅದರ ಜೊತೆಯಲ್ಲೇ ಶಾಶ್ವತಕ್ಕೆಂದು ರಂಗೂನ್ ಬಳ್ಳಿ ಅಥವಾ ಮಲ್ಲಿಗೆ ಬಳ್ಳಿ ನೆಡಿ. ಕಾಗದದ ಹೂವಿನ ಗಿಡ ನೀರಿಲ್ಲದೆಯೂ ಬದುಕುತ್ತದೆ, ಬಣ್ಣವೂ ಚೆಂದ, ಆದರೆ ವಯಸ್ಸಾದವರು ಓಡಾಡುವ ಕಡೆ ಅದರ ಮುಳ್ಳು ಬೇಡ. ಎಲೆಯ ಮರೆಗೂ ತಟ್ಟಿಯ ಮರೆಗೂ ಒಂದು ವ್ಯತ್ಯಾಸವಿದೆ. ತಟ್ಟಿ ಬಿಸಿಲಿಗೆ ಕಾದು ತಾನೂ ಕಾವು ಬೀರುತ್ತದೆ; ಎಲೆ ನೀರನ್ನು ಆವಿಯಾಗಿ ಬಿಡುತ್ತಿರುವುದರಿಂದ ಅಷ್ಟು ಕಾಯುವುದಿಲ್ಲ.

ಕಾಂಪೌಂಡಿನ ಬಳಿ, ವಾಯವ್ಯದ ಕಡೆಗೆ, ಒಂದು ಹೊಂಗೆ ಸಸಿಯನ್ನು ಈ ಮಳೆಗಾಲದಲ್ಲೇ ನೆಟ್ಟುಬಿಡಿ. ಬೇವಿನ ನೆರಳು ತಂಪೇನೋ ಹೌದು, ಆದರೆ ಹಣ್ಣುದುರುವ ಕಾಲದಲ್ಲಿ ಕೆಳಗೆಲ್ಲ ಅಂಟು ಮತ್ತು ನೊಣ. ಹೊಂಗೆ ಎಲೆ ಉದುರಿಸಿದರೂ ಬೇಸಿಗೆ ಬಲಿಯುವ ಮೊದಲೇ ಚಿಗುರಿ ದಟ್ಟವಾಗಿ ನಿಲ್ಲುತ್ತದೆ.

ಎರೆಹೊಲ, ಸಿಂಧನೂರು:

ಇಬ್ಬರಿಗೂ ಧನ್ಯವಾದಗಳು. ತಟ್ಟಿ ಮತ್ತು ಹಂದರ ಎರಡನ್ನೂ ಮಾಡಿಸುತ್ತೇವೆ. ಕಲ್ಲಿನ ವಿಷಯದಲ್ಲಿ ಮಾತ್ರ ಇನ್ನೊಂದು ಪ್ರಶ್ನೆಯಿದೆ. ಈಗ ಎಲ್ಲೆಡೆ ಮರದ ಡೆಕ್ ಮಾಡಿಸುತ್ತಿದ್ದಾರೆ, ಕಡಪ ಕಲ್ಲಿನ ಮೇಲೆಯೇ ಹಲಗೆ ಜೋಡಿಸಿಕೊಡುತ್ತೇವೆ ಎಂದು ಒಬ್ಬರು ಹೇಳಿದ್ದಾರೆ. ಮರ ಮತ್ತು ಪ್ಲಾಸ್ಟಿಕ್ ಬೆರೆಸಿದ ಹಲಗೆಯೂ ಇದೆಯಂತೆ, ಅದಕ್ಕೆ ಗೆದ್ದಲು ಹಿಡಿಯುವುದಿಲ್ಲವಂತೆ. ಅದೂ ಅಲ್ಲದೆ ಕಟ್ಟೆಯ ದಕ್ಷಿಣದ ಮೂಲೆಯಲ್ಲಿ ಕಲ್ಲಿನ ಸಂದಿ ಬೆರಳು ತೂರುವಷ್ಟು ಬಿರಿದಿದೆ, ಹಲಗೆ ಹಾಕಿದರೆ ಅದು ಮುಚ್ಚಿಹೋಗುತ್ತದೆ ಎನ್ನುವುದು ಅವರ ಸಲಹೆ.

ಗರಸು, ರಾಯಚೂರು:

ಆ ಬಿರುಕನ್ನು ಮುಚ್ಚಿಸುವುದು ಹಾಗಿರಲಿ, ಮೊದಲು ಅದೇನು ಹೇಳುತ್ತಿದೆ ಎಂದು ನೋಡಿ. ಸಿಂಧನೂರು, ಮಾನ್ವಿಯ ಕಡೆಯ ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಹೊಲದಲ್ಲಿ ಬೇಸಿಗೆಯ ಬಿರುಕುಗಳನ್ನು ಎಲ್ಲರೂ ನೋಡಿರುತ್ತೀರಿ. ಮನೆಯ ಪಾಯವನ್ನು ಆಳಕ್ಕೆ ಇಳಿಸಿರುತ್ತಾರೆ. ಹಿತ್ತಲ ಕಟ್ಟೆಗೆ ಅಷ್ಟು ಖರ್ಚು ಏಕೆಂದು ಎರಡು ಅಡಿ ಅಗೆದು, ಅಲ್ಲಿಯ ಎರೆಮಣ್ಣನ್ನೇ ತುಂಬಿ, ಮೇಲೆ ಕಲ್ಲು ಹಾಸಿಬಿಡುತ್ತಾರೆ. ಹೀಗಾಗಿ ಮನೆ ನಿಂತಲ್ಲೇ ನಿಂತಿರುತ್ತದೆ, ಕಟ್ಟೆ ಮಾತ್ರ ಋತುವಿಗೆ ತಕ್ಕಂತೆ ಏರಿಳಿಯುತ್ತದೆ.

ಬಿರುಕಿನ ಎರಡೂ ಬದಿಗೆ ಪೆನ್ಸಿಲಿನಿಂದ ಗೆರೆ ಎಳೆದು, ನಡುವಿನ ಅಂತರವನ್ನೂ ದಿನಾಂಕವನ್ನೂ ಪಕ್ಕದಲ್ಲಿ ಬರೆದಿಡಿ. ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕೂಡಿಕೊಂಡರೆ ಅದು ಮಣ್ಣಿನ ಆಟ. ಅಂಥ ಸಂದಿಗೆ ಗಟ್ಟಿ ಸಿಮೆಂಟ್ ತುಂಬಿದರೆ ಪಕ್ಕದಲ್ಲಿ ಹೊಸ ಸೀಳು ಬಿಡುತ್ತದೆ, ಆದ್ದರಿಂದ ಹಿಗ್ಗಿ ಕುಗ್ಗುವ ಸೀಲೆಂಟ್ ಹಾಕಿಸಿ. ಯಾವ ಋತುವಿನಲ್ಲೂ ಕೂಡಿಕೊಳ್ಳದೆ ಒಂದೇ ಸಮನೆ ಅಗಲವಾಗುತ್ತಿದ್ದರೆ ಆ ಮೂಲೆ ಕುಸಿಯುತ್ತಿದೆ ಎಂದರ್ಥ. ಆಗ ಆ ಭಾಗವನ್ನು ಬಿಚ್ಚಿ, ಎರೆಮಣ್ಣು ತೆಗೆದು, ಗರಸು ತುಂಬಿ, ಪದರ ಪದರವಾಗಿ ನೀರು ಹಾಕಿ ದಮ್ಮಸು ಮಾಡಿಸಬೇಕು. ಹಲಗೆಯ ಕೆಳಗೆ ಇದಾವುದೂ ಕಾಣುವುದಿಲ್ಲ, ಅಲ್ಲದೆ ಕೆಳಗಿನ ಕಲ್ಲು ಏರಿಳಿದಂತೆ ಮೇಲಿನ ಹಲಗೆಗಳು ಕಿರುಗುಟ್ಟಲು ಶುರುವಾಗುತ್ತವೆ.

ಹಂದರ ಅವರು ಬಳ್ಳಿಯನ್ನು ಐದಾರು ಅಡಿ ದೂರ ನೆಡಿ ಎಂದುದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ, ಹೊಂಗೆ ಕಾಂಪೌಂಡಿನ ಹತ್ತಿರವೇ ಇರಲಿ. ಕಟ್ಟೆಯ ಬುಡಕ್ಕೆ ಹೂಗಿಡ ನೆಟ್ಟು ದಿನಾ ನೀರು ಹಾಕುವುದೆಂದರೆ ಎರೆಮಣ್ಣನ್ನು ನಾವೇ ಉಬ್ಬಿಸಿದಂತೆ. ಬುಡದ ಸುತ್ತ ಮೂರು ಅಡಿ ಅಗಲಕ್ಕೆ ಕಲ್ಲು ಹಾಸಿಸಿ, ನೀರು ಹೊರಗೆ ಹರಿಯುವಂತೆ ಇಳಿಜಾರು ಕೊಡಿಸಿ. ಕಟ್ಟೆಯ ಮೇಲೂ ನಾಲ್ಕು ಅಡಿಗೆ ಅರ್ಧ ಅಂಗುಲದಷ್ಟು ಇಳಿಜಾರು ಇದೆಯೇ ಎಂದು ನೀರು ಸುರಿದು ನೋಡಿ.

ಇನ್ನು ಹಲಗೆಯ ವಿಚಾರ. ಒಳ್ಳೆಯ ತೇಗವಾದರೆ ಕಾಲಿಗೆ ಹಿತವೇ, ಕಲ್ಲಿನಷ್ಟು ಕಾವನ್ನು ಅದು ಹಿಡಿದಿಡುವುದಿಲ್ಲ. ಆದರೆ 216 ಚದರಡಿಗೆ ತೇಗ ನಿಮ್ಮ ಅರವತ್ತು ಸಾವಿರದಲ್ಲಿ ಆಗುವ ಮಾತಲ್ಲ, ಅಗ್ಗದ ಮರವಾದರೆ ನಮ್ಮ ಬಿಸಿಲಿಗೆ ಬಾಗುತ್ತದೆ, ಗೆದ್ದಲಿಗೂ ಸಿಕ್ಕುತ್ತದೆ. ಪ್ಲಾಸ್ಟಿಕ್ ಬೆರೆತ ಹಲಗೆಗೆ ಗೆದ್ದಲು ಹತ್ತುವುದಿಲ್ಲ ಎನ್ನುವುದು ಹೆಚ್ಚುಕಡಿಮೆ ಸರಿ, ಆದರೆ ನೇರ ಬಿಸಿಲಿನಲ್ಲಿ ಅದು ಬರಿಗಾಲು ಇಡಲಾಗದಷ್ಟು ಕಾಯುತ್ತದೆ, ಕಾದಾಗ ಉದ್ದಕ್ಕೆ ಹಿಗ್ಗುತ್ತದೆ. ರಾಯಚೂರು ಜಿಲ್ಲೆಯಲ್ಲಿ ಮೇ ತಿಂಗಳ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಪ್ರತಿವರ್ಷದ ಮಾತು. ನನ್ನನ್ನು ಕೇಳಿದರೆ ಆ ಹಣ ಬೇಡ. ಎರಡು ಬೇಸಿಗೆ ತಟ್ಟಿ ಮತ್ತು ಬಿಳಿ ಬಣ್ಣ ಏನು ಮಾಡುತ್ತವೆಂದು ನೋಡಿ, ಆಮೇಲೂ ಕಾವು ಹೆಚ್ಚೆನಿಸಿದರೆ ಕಡಪದ ಮೇಲೆ ತಿಳಿಬಣ್ಣದ ಶಹಾಬಾದ್ ಕಲ್ಲು ಹಾಸಿಸಿ. ಹೊಳಪು ಕೊಡಿಸಬೇಡಿ, ಒರಟಾಗಿದ್ದರೆ ಒದ್ದೆಯಾದಾಗ ತಾಯಿಯವರ ಕಾಲು ಜಾರುವುದಿಲ್ಲ. ಹಾಸಿದ ಮೇಲೆ ಕಟ್ಟೆ ಎರಡು ಅಂಗುಲ ಏರುತ್ತದೆ, ಅಡುಗೆಮನೆಯ ಹೊಸ್ತಿಲಿಗಿಂತ ಮೇಲಾಗಿ ಮಳೆನೀರು ಒಳಗೆ ಬಾರದಂತೆ ಮೊದಲೇ ಅಳೆದುಕೊಳ್ಳಿ.

ಅಲ್ಲಿಯವರೆಗೆ, ಬಿಸಿಲು ಜಾರಿದ ಮೇಲೆ ಕಲ್ಲಿಗೆ ನೀರು ಚಿಮುಕಿಸುವ ಹಳೆಯ ಪದ್ಧತಿಯನ್ನೇ ಅನುಸರಿಸಿ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೋಜೂಲ್ ಶಾಖವನ್ನು ಸೆಳೆದುಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳ ಒಣಹವೆಯಲ್ಲಿ ಇದು ಬೇಗ ಕೆಲಸ ಮಾಡುತ್ತದೆ. ಮಳೆಗಾಲದ ತೇವದ ಗಾಳಿಯಲ್ಲಿ ಅಷ್ಟು ಪ್ರಯೋಜನವಿಲ್ಲ. ಕೊಳವೆಬಾವಿಯ ಗಡಸುನೀರಾದರೆ ಕರಿಕಲ್ಲಿನ ಮೇಲೆ ಉಪ್ಪಿನ ಬಿಳಿ ಕಲೆ ಉಳಿಯುತ್ತದೆ, ಕಾಲುವೆಯ ನೀರು ಬಂದಾಗ ಅದನ್ನೇ ಬಳಸಿ.

ಗಾದಿಲೋಡು, ಬಳ್ಳಾರಿ:

ಅಣ್ಣಂದಿರೆಲ್ಲ ಕಲ್ಲು, ತಗಡು, ಮಣ್ಣುಗಳ ವಿಚಾರವನ್ನು ಚೆನ್ನಾಗಿ ಹೇಳಿದ್ದಾರೆ. ಕೂರುವವರ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

ತಾಯಿಯವರಿಗೆ ಎಪ್ಪತ್ತು ದಾಟಿದೆ ಎಂದಿದ್ದೀರಿ. ಅವರಿಗೆ ಆಳವಾದ ಸೋಫಾ ಬೇಡವೇ ಬೇಡ, ಅದರಲ್ಲಿ ಕೂತರೆ ಏಳಲು ಇನ್ನೊಬ್ಬರ ಕೈ ಬೇಕಾಗುತ್ತದೆ. ನೆಲದಿಂದ 18 ಅಂಗುಲ ಎತ್ತರದ, ಎರಡೂ ಕಡೆ ಗಟ್ಟಿ ಕೈಯಿರುವ, ನೆಟ್ಟಗಿನ ಬೆನ್ನಿನ ಕುರ್ಚಿಯೊಂದು ಅವರದೇ ಆಗಿರಲಿ. ಎರಡು ಅಡಿ ಎತ್ತರದ ಕಟ್ಟೆಗೆ ಮೆಟ್ಟಿಲು ಎಷ್ಟಿವೆ ಎಂದು ನೀವು ಬರೆದಿಲ್ಲ; ನಾಲ್ಕು ಇರಬೇಕು, ಪಕ್ಕದಲ್ಲಿ ಹಿಡಿದುಕೊಳ್ಳಲು ಒಂದು ಪೈಪು ಇರಬೇಕು. ಉಳಿದವರಿಗೆ ಹಿಂಗೋಡೆಗೆ ಆನಿಸಿ ಎರಡೂವರೆ ಅಡಿ ಅಗಲದ, ಮೊಣಕಾಲೆತ್ತರದ ಒಂದು ಉದ್ದನೆಯ ಆಸನ ಕಟ್ಟಿಸಿಬಿಡಿ. ಅಷ್ಟು ಅಗಲವಿದ್ದರೆ ಚಕ್ಕಳಮಕ್ಕಳ ಹಾಕಿಯೂ ಕೂರಬಹುದು, ಮಧ್ಯಾಹ್ನ ಅಡ್ಡಾಗಲೂಬಹುದು. ಅದರ ಮೇಲೆ ತೆಳ್ಳನೆಯ ಗಾದಿ, ಬೆನ್ನಿಗೆ ಲೋಡುಗಳು. ಕಾರ್ಖಾನೆಯ ಸ್ಪಂಜು ಬಿಸಿ ಹಿಡಿಯುತ್ತದೆ, ಹತ್ತಿಯ ಊರಾದ ರಾಯಚೂರಿನ ಜಿಲ್ಲೆಯಲ್ಲಿದ್ದು ಸ್ಪಂಜು ಕೊಳ್ಳುವುದೇಕೆ, ಹತ್ತಿಯನ್ನೇ ತುಂಬಿಸಿ. ಮಳೆಯ ದಿನಗಳಲ್ಲಿ ಒಳಗೆ ಎತ್ತಿಡಬೇಕಾದ್ದರಿಂದ ಒಂದೇ ಉದ್ದನೆಯ ಗಾದಿಗಿಂತ ಮೂರು ಅಡಿಯ ತುಂಡುಗಳು ಅನುಕೂಲ.

ಹೊದಿಕೆಗೆ ನಮ್ಮ ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಉಳಿಯುವ ತುಂಡು ಬಟ್ಟೆಯನ್ನು ಕೌದಿಯಂತೆ ಜೋಡಿಸಿ ಹೊಲಿಸಿ. ಧೂಳು, ಒಗೆತ ಎರಡನ್ನೂ ಅದು ತಡೆಯುತ್ತದೆ. ಬಿಸಿಲಿಗೆ ಬಣ್ಣ ಮಾಸುವುದು ನಿಜ, ಆದರೆ ಮಾಸಿದ ಜೀನ್ಸ್ ಬಟ್ಟೆಯನ್ನು ಯಾರೂ ಹಳತೆನ್ನುವುದಿಲ್ಲ. ಬಂದವರ ಕಣ್ಣಿಗೆ ಬೀಳುವಂಥದ್ದು ಒಂದೆರಡು ಬೇಕೆಂದರೆ ಸಂಡೂರಿನ ಲಂಬಾಣಿ ಕಸೂತಿಯ ದಿಂಬಿನ ಚೀಲಗಳನ್ನು ತನ್ನಿ, ಅವನ್ನು ಮಾತ್ರ ನೆರಳಿನಲ್ಲೇ ಇಡಿ.

ಇನ್ನೊಂದು ಮಾತು. ಈ ಕಟ್ಟೆ ಅಡುಗೆಮನೆಗೆ ಹತ್ತಿರವಿದೆ. ಬೇಸಿಗೆಯಲ್ಲಿ ಶಾವಿಗೆ, ಸಂಡಿಗೆ, ಮೆಣಸಿನಕಾಯಿ ಒಣಗಿಸಲು ಬಿಸಿಲು ಬೀಳುವ ಜಾಗ ಬೇಕೇ ಬೇಕು. ಇಡೀ ಕಟ್ಟೆಯನ್ನು ಕುರ್ಚಿ, ಕುಂಡಗಳಿಂದ ತುಂಬಿಸಿದರೆ ಮನೆಯ ಹೆಂಗಸರಿಗೆ ಅದು ದಾಟಿ ಹೋಗುವ ಅಡಚಣೆಯಾಗುತ್ತದೆ. ದಕ್ಷಿಣದ ಐದು ಅಡಿಯನ್ನು ಮರೆಯಿಲ್ಲದೆ ಖಾಲಿ ಬಿಡಿ. ಕೆಲಸ ಮಾಡುತ್ತಾ ಮಾತನಾಡಲು ಬರುವ ಜಾಗಕ್ಕೆ ಜನ ತಾವಾಗಿಯೇ ಬರುತ್ತಾರೆ.

ಕಲ್ಲುಗುಡ್ಡ, ಕುಷ್ಟಗಿ:

ಹುಳುಗಳ ಬಗ್ಗೆ ಎರಡು ಮಾತು. ಭತ್ತದ ಗದ್ದೆಯ ಪಕ್ಕದಲ್ಲಿರುವವರಿಗೆ ಕೊಯ್ಲಿನ ಹೊತ್ತಿನಲ್ಲಿ ದೀಪಕ್ಕೆ ಜಿಗಿಹುಳು ಮುತ್ತುವುದು ತಪ್ಪಿದ್ದಲ್ಲ, ಕಡಿಮೆ ಮಾಡಬಹುದು. ತಲೆಯ ಮೇಲಿನ ಬಿಳಿಯ ಟ್ಯೂಬ್‌ಲೈಟ್ ತೆಗೆದು, ಡಬ್ಬಿಯ ಮೇಲೆ 2700 ಕೆಲ್ವಿನ್ ಎಂದು ಬರೆದಿರುವ ಹಳದಿ ಬೆಳಕಿನ ಸಣ್ಣ ದೀಪಗಳನ್ನು ಮೊಣಕಾಲ ಎತ್ತರದಲ್ಲಿ ಗೋಡೆಗೆ ಹಾಕಿಸಿ. ಬಿಳಿಯ ದೀಪ ಬೇಕೆಂದರೆ ದೂರದ ಕಾಂಪೌಂಡಿನ ಮೂಲೆಗೆ ಹಾಕಿ, ಹುಳುಗಳು ಅಲ್ಲಿಗೆ ಹೋಗುತ್ತವೆ. ಸೊಳ್ಳೆ ಗಾಳಿಗೆ ಎದುರಾಗಿ ಹಾರಲಾರದು, ಆದ್ದರಿಂದ ಕಾಲಿನ ಕಡೆಗೆ ಗಾಳಿ ಬೀಸುವಂತೆ ಒಂದು ಟೇಬಲ್ ಫ್ಯಾನ್ ಇಟ್ಟರೆ ಸೊಳ್ಳೆಬತ್ತಿಗಿಂತ ಮೇಲು. ಕುಂಡದ ಕೆಳಗಿನ ತಟ್ಟೆಯ ನೀರನ್ನು ವಾರಕ್ಕೊಮ್ಮೆ ತಪ್ಪದೆ ಚೆಲ್ಲಿ. ಹೊರಗಿನ ವಿದ್ಯುತ್ ಸಂಪರ್ಕಕ್ಕೆ ಕರೆಂಟ್ ಸೋರಿದರೆ ತಾನಾಗಿಯೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ನೀರು ಚಿಮುಕಿಸುವ ಜಾಗದಲ್ಲಿ ಫ್ಯಾನ್ ಇಡಬೇಡಿ.

ಚೇಳಿನ ವಿಷಯ ಇದಕ್ಕಿಂತ ಮುಖ್ಯ. ಗರಸು ಅವರು ಹೇಳಿದ ಆ ಬೆರಳಗಲದ ಸಂದಿ ಚೇಳಿಗೆ ಸಿದ್ಧ ಮನೆ. ಕಟ್ಟೆಗೆ ಒರಗಿಸಿ ಕಟ್ಟಿಗೆ, ಇಟ್ಟಿಗೆ, ಉಳಿದ ಕಲ್ಲುಗಳನ್ನು ಪೇರಿಸಬೇಡಿ. ಮಡಚಿಟ್ಟ ಗಾದಿಗಳನ್ನು ಕೊಡವದೆ ಹಾಸಬೇಡಿ. ನೇರಳಾತೀತ ಬೆಳಕಿನ ಸಣ್ಣ ಟಾರ್ಚ್ ಕಡಿಮೆ ಬೆಲೆಗೆ ಸಿಗುತ್ತದೆ. ಕತ್ತಲಲ್ಲಿ ಅದನ್ನು ಹಾಯಿಸಿದರೆ ಚೇಳಿನ ಮೈ ಹಸಿರು ಮಿಶ್ರಿತ ನೀಲಿಯಾಗಿ ಹೊಳೆಯುತ್ತದೆ. ಕೆಂಪು ಚೇಳು ಕುಟುಕಿದರೆ, ಅದರಲ್ಲೂ ಮಕ್ಕಳಿಗೆ ಕುಟುಕಿದರೆ, ಮಂತ್ರ, ಮದ್ದುಗಳೆಂದು ಹೊತ್ತು ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಎರೆಹೊಲ, ಸಿಂಧನೂರು:

ಹಲಗೆಯವರಿಗೆ ಬೇಡವೆಂದು ಹೇಳಿದೆವು. ಈ ವಾರ ಬಿರುಕಿಗೆ ಗುರುತು ಹಾಕಿ, ತಟ್ಟಿಗೆ ಅಳತೆ ಕೊಟ್ಟು, ಹಂದರಕ್ಕೆ ಗುಂಡಿ ತೋಡಿಸುತ್ತೇವೆ. ಗಾದಿಲೋಡು ಅಕ್ಕನವರೇ, ಮೆಟ್ಟಿಲು ಎರಡೇ ಇವೆ, ಅವನ್ನು ನಾಲ್ಕು ಮಾಡಿಸುತ್ತೇವೆ. ಕೊನೆಯದಾಗಿ ಒಂದು ಸಂದೇಹ: ತಗಡಿನ ಚಾವಣಿಯ ಕಬ್ಬಿಣದ ಪೈಪುಗಳಿಗೆ ತೂಗುಮಂಚ ಕಟ್ಟಬಹುದೇ? ಮಕ್ಕಳ ಬೇಡಿಕೆ ಅದೊಂದೇ.

ತೊಲೆಕಂಬ, ಬಳ್ಳಾರಿ:

ಕಟ್ಟಬೇಡಿ. ಆ ಪೈಪುಗಳನ್ನು ತಗಡಿನ ಭಾರ ಹೊರುವುದಕ್ಕೆ ಹಾಕಿರುತ್ತಾರೆ, ಮೂರು ಜನ ಕೂತು ತೂಗುವ ಎಳೆತಕ್ಕಲ್ಲ. ಬೆಸುಗೆಯ ಜಾಗದಲ್ಲಿ ಬಿಟ್ಟುಕೊಂಡರೆ ಚಾವಣಿಯೂ ಜೊತೆಗೆ ಬರುತ್ತದೆ. ತನ್ನದೇ ನಾಲ್ಕು ಕಾಲಿನ ಚೌಕಟ್ಟಿರುವ ತೂಗುಮಂಚ ಸಿಗುತ್ತದೆ, ಅದನ್ನು ಬಿರುಕಿಲ್ಲದ ಉತ್ತರದ ಬದಿಯಲ್ಲಿ ಇಡಿ, ಗೋಡೆಯಿಂದ ಮೂರು ಅಡಿ ಬಿಟ್ಟು. ಹಂದರ ಅವರು ಹೇಳಿದ ತಟ್ಟಿಯ ತಿದ್ದುಪಡಿ ನನಗೂ ಒಪ್ಪಿಗೆ, ಮೇಲಿನ ಐದು ಅಡಿಗೇ ಅಳತೆ ಕೊಡಿ.